ಹೊಗೆ ವಾಸನೆಯ ಕಟ್ಟಳೆ

ಒಂದು ಕಾಡಿನಲ್ಲಿ ಬೆಂಕಿ ಬಿತ್ತು. ಅಲ್ಲಿದ್ದ ಪ್ರಾಣಿಗಳೆಲ್ಲ ನದಿಗೆ ಧುಮುಕಿ, ಈಜಿ, ಆಚೆ ದಡದ ಕಾಡು ಸೇರಿದವು. ನೀಲವ್ವ ಎಂಬ ಕಡವೆಯೂ ತನ್ನ ಎಳೆಗರುವನ್ನು ಕಟ್ಟಿಕೊಂಡು ಹೇಗೋ ಈಜಿ ಬಂದಳು.

ಆ ದಡದ ಕಾಡಿಗೆ ದೊಡ್ಡವ್ವ ಎಂಬ ಹಿರಿಯಾನೆ ಒಡತಿ. ದೊಡ್ಡ ಜೀವ, ದೊಡ್ಡ ಮನಸ್ಸು. "ಪಾಪ, ಮನೆ ಕಳಕೊಂಡು ಬಂದಿದಾರೆ. ನಮ್ಮ ಅತ್ತಿಮರದ ತೋಪಿನ ಹುಲ್ಲು, ಹಣ್ಣು ಎಲ್ಲ ಅವರಿಗೇ ಇರಲಿ" ಎಂದು ಅಪ್ಪಣೆ ಕೊಟ್ಟಳು. ತೋಪಿನ ಸುತ್ತ ದಟ್ಟ ಮುಳ್ಳುಪೊದೆ, ಒಳಹೋಗಲು ಒಂದೇ ದಾರಿ. ಅದನ್ನು ಕಾಯಲು ಕೋರಪ್ಪ ಎಂಬ ಕಾಡುಹಂದಿಯನ್ನು ನೇಮಿಸಿ, ಬಿದಿರು ಮೇಯಲು ಹೋದಳು. ಆಮೇಲೆ ಆ ಕಡೆ ತಿರುಗಿಯೂ ನೋಡಲಿಲ್ಲ.

ನೀಲವ್ವ ಬಂದಾಗ ಕೋರಪ್ಪ ಅವಳ ಮೈ ಮೂಸಿದ.

"ಹೊಗೆ ವಾಸನೆ ಬರ್ತಿಲ್ವಲ್ಲಮ್ಮ. ಬೆಂಕಿ ಬಿದ್ದ ಕಾಡಿಂದ ಬಂದವಳು ಅಂತ ಹೇಗೆ ನಂಬಲಿ?"

"ನದಿ ಈಜಿ ಬಂದಿದೀನಣ್ಣ. ವಾಸನೆ ಎಲ್ಲಿ ಉಳಿಯುತ್ತೆ?"

"ಅದೆಲ್ಲ ನನಗೆ ಗೊತ್ತಿಲ್ಲ. ವಾಸನೆ ಇದ್ದವರಿಗೆ ಮಾತ್ರ ಒಳಗೆ ಜಾಗ. ಗಲಾಟೆ ಮಾಡಿದ್ರೆ ವಾಪಸ್ ನದಿಗೆ ಅಟ್ಟಿಬಿಡ್ತೀನಿ."

ನೀಲವ್ವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಪೊದೆಯ ಉದ್ದಕ್ಕೂ ಆ ತುದಿಯಿಂದ ಈ ತುದಿಗೆ ಓಡಾಡಿದಳು. ಈಜಿ ಬಂದ ಉಳಿದವರೂ ಅವಳಂತೆಯೇ ಹೊರಗಿದ್ದರು; ಅಲ್ಲಿ ಬರೀ ಕಲ್ಲುನೆಲ, ಒಣಮುಳ್ಳು. ಮೇವಿಲ್ಲದೆ ಅವಳ ಹಾಲು ಬತ್ತುತ್ತಾ ಬಂದಿತ್ತು. ಕರು ಕೆಚ್ಚಲಿಗೆ ಬಾಯಿ ಹಾಕಿ, ಏನೂ ಸಿಗದೆ, ಅಮ್ಮನ ಮುಖ ನೋಡುತ್ತಿತ್ತು.

ಪೊದೆಯ ಸಂದಿಯಿಂದ ಇಣುಕಿದರೆ ಒಳಗೆ ಯಾರಿದ್ದರು? ಕೋರಪ್ಪನ ತಮ್ಮಂದಿರು, ಭಾವಮೈದುನರು, ಮಾವನ ಮಕ್ಕಳು. ಗಾಳಿಗೆ ತೂರಿ ಬಂದು ಈ ದಡದಲ್ಲಿ ಬಿದ್ದಿದ್ದ ಬೂದಿಯಲ್ಲಿ ಚೆನ್ನಾಗಿ ಹೊರಳಾಡಿ, ಹೊಗೆ ವಾಸನೆ ಹೊತ್ತುಕೊಂಡು, ರಾಜಾರೋಷವಾಗಿ ಹಣ್ಣು ಮುಕ್ಕುತ್ತಿದ್ದರು. ಬೆಂಕಿಯನ್ನು ಕನಸಿನಲ್ಲೂ ಕಾಣದ ಮಹಾನುಭಾವರು.

ಅಟ್ಟಿದರೆ ಅಟ್ಟಲಿ ಎಂದು ನೀಲವ್ವ ಗಟ್ಟಿ ಮನಸ್ಸು ಮಾಡಿದಳು. ಬಿದಿರುಮೆಳೆಗೆ ಹೋಗಿ ದೊಡ್ಡವ್ವನಿಗೆ ಎಲ್ಲವನ್ನೂ ಹೇಳಿದಳು. ದೊಡ್ಡವ್ವ ಸೊಂಡಿಲಲ್ಲಿದ್ದ ಬಿದಿರನ್ನು ಕೆಳಗೆ ಹಾಕಿ ನೇರ ತೋಪಿಗೆ ಬಂದಳು.

"ಇವರೆಲ್ಲ ಬೆಂಕಿಯಿಂದ ಪಾರಾಗಿ ಬಂದವರೇ ದೊಡ್ಡವ್ವ. ನಾನೇ ಮೂಸಿ ನೋಡಿ ಸೇರಿಸಿದೀನಿ" ಎಂದ ಕೋರಪ್ಪ.

"ಒಳ್ಳೇದು. ಹಾಗಾದ್ರೆ ನದಿ ದಾಟಿ ಬಂದವರು. ಇನ್ನೊಂದು ಸಲ ಅದೇ ನದಿಗೆ ಇಳಿದು ಬರಲಿ. ನೀನೂ ಇಳಿಯಪ್ಪ."

ಹಂದಿಗಳು ಮುಖ ಸಪ್ಪಗೆ ಮಾಡಿಕೊಂಡು ಇಳಿದವು. ಬೂದಿಯೆಲ್ಲ ನೀರುಪಾಲಾಯಿತು. ದಡ ಹತ್ತಿದ ಮೇಲೆ ದೊಡ್ಡವ್ವ ಸೊಂಡಿಲು ಚಾಚಿ ಒಬ್ಬೊಬ್ಬರನ್ನೇ ಮೂಸಿದಳು.

"ಯಾರಲ್ಲೂ ಹೊಗೆ ವಾಸನೆ ಇಲ್ವಲ್ಲ ಕೋರಪ್ಪ. ನೀನೇ ಮಾಡಿದ ಕಟ್ಟಳೆ, ನಾನು ಮೀರೋದು ಸರಿಯಲ್ಲ. ನೀವೆಲ್ಲ ಆ ಕಲ್ಲುನೆಲದಲ್ಲೇ ಇದ್ಬಿಡಿ."

ಕೋರಪ್ಪ ತಲೆ ತಗ್ಗಿಸಿ ಹೊರನಡೆದ. ದೊಡ್ಡವ್ವ ನೀಲವ್ವನ ಕಡೆ ತಿರುಗಿದಳು. "ತಪ್ಪು ನಂದೂ ಇದೆ ಕಣವ್ವ. ಕೊಡಿ ಅಂತ ಹೇಳಿದೆ, ಬಂದು ನೋಡಲಿಲ್ಲ."

ಅಂದಿನಿಂದ ತೋಪಿನ ದಾರಿಯಲ್ಲಿ ದೊಡ್ಡವ್ವನೇ ನಿಂತು, ಬೆಂಕಿಯಿಂದ ಪಾರಾಗಿ ಬಂದವರನ್ನೆಲ್ಲ ಒಳಗೆ ಬಿಟ್ಟಳು. ನೀಲವ್ವನಿಗೆ ಮತ್ತೆ ಹಾಲು ಇಳಿಯಿತು. ಆಚೆ ದಡದ ಹೊಗೆ ಕಂಡಾಗಲೆಲ್ಲ ಅವಳು ಈಗಲೂ ಬೆಚ್ಚಿ ತಲೆ ಎತ್ತುತ್ತಿದ್ದಳು. ಕರು ಮಾತ್ರ ಕೆಚ್ಚಲು ಬಿಡುತ್ತಿರಲಿಲ್ಲ.

ನೀತಿ: ನೊಂದು ಬಂದವರಿಗೆ ಕೊಡಲು ಅಪ್ಪಣೆ ಮಾಡಿದರೆ ಸಾಲದು, ಕೊಟ್ಟದ್ದು ಅವರ ಬಾಯಿಗೆ ಸೇರಿತೇ ಎಂದು ಹೋಗಿ ನೋಡಬೇಕು.