ದುರುಗಿ ಮತ್ತು ಕೂಡದ ಇಪ್ಪತ್ಮೂರು ಕಲ್ಲು

ಕಣ್ಣು ಮುಚ್ಕೊಂಡು ಹೂಂಗುಟ್ಟು ಮಗಾ. ಒಂದಾನೊಂದು ಕಾಲದಲ್ಲಿ, ನಮ್ಮ ಮುತ್ತಜ್ಜಿಯ ಮುತ್ತಜ್ಜಿ ತೊಟ್ಟಿಲಲ್ಲಿದ್ದಾಗ, ಕಲ್ಲು ಕಟ್ಟೋ ಒಬ್ಬನಿಗೆ ಮೂವರು ಮಕ್ಕಳಿದ್ದರಂತೆ, ಇಬ್ಬರು ಗಂಡು, ಕೊನೇದು ದುರುಗಿ ಅಂತ ಹೆಣ್ಣು. ಊರಿಗಿದ್ದ ಒಂದೇ ಬಾವಿ ಕಟ್ಟೆ ಮೇಲೆ ಒಬ್ಬ ರಾಕ್ಷಸ ಬಂದು ಕೂತುಬಿಟ್ಟು, ನೀರು ಬೇಕಾದ್ರೆ ನಾನು ಕೊಟ್ಟ ಕಲ್ಲನ್ನ ಎರಡು ಚೌಕವಾಗಿ ಜೋಡಿಸಿ, ಉದ್ದ ಎಷ್ಟೋ ಅಗಲವೂ ಅಷ್ಟೇ, ಒಂಟಿ ಕಲ್ಲನ್ನೂ ಒಂದು ಚೌಕ ಅನ್ನಬಹುದು, ಆದ್ರೆ ಒಂದು ಕಲ್ಲೂ ಮಿಗಬಾರದು ಅಂದನಂತೆ. ಅವನು ಕೊಡೋದೋ, ಸಮಸಮ ಸಾಲಾಗಿ ಹಂಚೋಕೆ ಬಾರದ ಒಂಟಿ ಲೆಕ್ಕ, ಎಷ್ಟು ಸಾಲು ಮಾಡಿದ್ರೂ ಒಂದು ಸಾಲು ಹೆಚ್ಚುಕಮ್ಮಿ. ದೊಡ್ಡಣ್ಣ ಹೋದ, ಸೋತೆ ಅಂದ, ಅಲ್ಲೇ ಕಲ್ಲುಕಂಬ ಆದ. ಆಮೇಲೆ ಚಿಕ್ಕಣ್ಣನೂ ಹೋಗಿ ಕಂಬವೇ ಆದನಂತೆ.

ದುರುಗಿ ಸೆರಗು ಸಿಕ್ಕಿಸಿ, ಕಲ್ಲು ಹೊರೋ ಮಂಕರಿ ತಗೊಂಡು ಹೊರಟಳು. ಬೇಡ ಕಣವ್ವಾ, ಉಳಿದಿರೋಳು ನೀನೊಬ್ಬಳೇ ಅಂತ ಅವ್ವ ಕೈ ಹಿಡಿದ್ರೆ, ಅಣ್ಣಂದಿರನ್ನ ಕರ್ಕೊಂಡೇ ಬರ್ತೀನಿ, ಬಿಡವ್ವಾ ಅಂದಳಂತೆ.

ರಾಕ್ಷಸ ಮೊದಲು ಹದಿಮೂರು ಕೊಟ್ಟ. ಮೂರುಮೂರರ ಚೌಕಕ್ಕೆ ಒಂಬತ್ತು, ಎರಡೆರಡರ ಚೌಕಕ್ಕೆ ನಾಲ್ಕು, ಆಯ್ತು. ಆಮೇಲೆ ಇಪ್ಪತ್ತೊಂಬತ್ತು ಕೊಟ್ಟ. ಐದೈದರದಕ್ಕೆ ಇಪ್ಪತ್ತೈದು, ಪಕ್ಕದಲ್ಲಿ ನಾಲ್ಕು, ಅದೂ ಆಯ್ತು. ಆಮೇಲೆ ಇಪ್ಪತ್ಮೂರು ಕೊಟ್ಟನಂತೆ. ಹದಿನಾರರ ಚೌಕ ಕಟ್ಟಿದ್ರೆ ಏಳು ಮಿಗುತ್ತೆ, ಒಂಬತ್ತರದು ಕಟ್ಟಿದ್ರೆ ಹದಿನಾಲ್ಕು ಮಿಗುತ್ತೆ, ಕೂಡಲೇ ಇಲ್ಲ. ಅಂಗೈಲಿ ಬೊಬ್ಬೆ ಎದ್ದವು, ಪಾದ ತಣ್ಣಗಾಗಿ ಕಲ್ಲಾಗ್ತಾ ಬಂತು, ಸೋತೆ ಅನ್ನು, ಸೋತೆ ಅನ್ನು ಅಂತ ಅವನು ನಗ್ತಾನೆ.

ಅನ್ನಲ್ಲ ಹೋಗೋ, ಯಾಕೆ ಕೂಡಲ್ಲ ಅಂತ ತಿಳೀದೆ ಏಳೋಳಲ್ಲ ನಾನು ಅಂದಳಂತೆ ದುರುಗಿ.

ಅವಳ ಮಂಕರಿ ಹಿಡಿಯೋದು ನಾಲ್ಕೇ ಕಲ್ಲು. ಕಟ್ಟಿದ ಚೌಕ ಕೆಡವಿ ನಾಲ್ನಾಲ್ಕೇ ಎತ್ತುವಾಗ ನೋಡಿದಳು, ನಾಲ್ಕರ ಚೌಕದಲ್ಲಿ ಏನೂ ಮಿಗಲ್ಲ, ಒಂಬತ್ತರದ್ರಲ್ಲಿ ಒಂದು ಮಿಗುತ್ತೆ, ಹದಿನಾರರಲ್ಲಿ ಮತ್ತೆ ಏನೂ ಇಲ್ಲ. ಇನ್ನೂ ದೊಡ್ಡವನ್ನ ಮಣ್ಣಲ್ಲಿ ಚುಕ್ಕಿ ಇಟ್ಟು ನೋಡಿದ್ರೂ ಹಂಗೇ, ಒಂದು, ಇಲ್ಲಾ ಸೊನ್ನೆ. ಅಂದ್ಮೇಲೆ ಎರಡು ಚೌಕ ಸೇರಿದ್ರೆ ಮಿಗೋದು ಹೆಚ್ಚಂದ್ರೆ ಎರಡು. ಇಪ್ಪತ್ಮೂರನ್ನ ಎತ್ತಿದ್ರೆ ಮೂರು ಮಿಕ್ಕವು!

ಇದು ನನ್ನ ಕೈಲೂ ಆಗಲ್ಲ, ನಿನ್ನ ಕೈಲೂ ಆಗಲ್ಲ, ಆ ಬ್ರಹ್ಮನ ಕೈಲೂ ಆಗಲ್ಲ ಕಣೋ ಅಂದಳಂತೆ. ಅವನು ನಂಬದೆ ತನ್ನ ಕಲ್ಲನ್ನೆಲ್ಲ ತಂದು ಸುರಿದ. ಐದು, ಹದಿನೇಳು, ಮೂವತ್ತೇಳು, ನಾಲ್ನಾಲ್ಕು ಎತ್ತಿದ್ರೆ ಒಂದು ಮಿಗೋವೆಲ್ಲ ಎರಡು ಚೌಕವಾಗಿ ಕೂತವು; ಏಳು, ಹನ್ನೊಂದು, ಹತ್ತೊಂಬತ್ತು, ಮೂರು ಮಿಗೋವು ಕೂರಲೇ ಇಲ್ಲ.

ಆಮೇಲೆ ರಾಕ್ಷಸ ಗೊಳೋ ಅಂತ ಅತ್ತನಂತೆ. ನಾನೂ ಮನುಷ್ಯನೇ ಆಗಿದ್ದೆ ತಾಯೀ, ಈ ಇಪ್ಪತ್ಮೂರನ್ನ ಜೋಡಿಸ್ತಾ ಜೋಡಿಸ್ತಾ ಅನ್ನ ನಿದ್ದೆ ಬಿಟ್ಟು ಹಿಂಗಾದೆ. ಬಂದೋರೆಲ್ಲ ಸೋತೆ ಅಂದ್ರೇ ಹೊರತು, ಇದು ಆಗದ ಕೆಲಸ ಅಂತ ಒಬ್ಬರೂ ತೋರಿಸಿಕೊಡಲಿಲ್ಲ ಅಂದನಂತೆ. ಹಂಗಂದು ಕಟ್ಟೆ ಇಳಿದ, ಇಳೀತಿದ್ದಂಗೆ ಕೋರೆಹಲ್ಲು ಉದುರಿ ಬಡಕಲು ಮುದುಕ ಆದ. ಅಣ್ಣಂದಿರು ಮೈ ಮುರಿದು ಎದ್ದರು. ದುರುಗಿ ಮೊದಲ ಕೊಡ ಸೇದಿ ಆ ಮುದುಕನ ಬೊಗಸೆಗೇ ಹುಯ್ದಳಂತೆ. ಊರೆಲ್ಲ ತಣ್ಣಗಾಯ್ತು, ನನ್ನ ಬಾಯಿ ಒಣಗ್ತು, ಕತೆ ಮುಗೀತು.