ಎಲ್ಲರೂ ಹೂಂ ಅಂದ ಆವಿಗೆ

"ಗುರುಗಳೇ, ಎಲ್ಲರೂ ಒಂದೇ ಮನಸ್ಸಿನಿಂದ ಒಪ್ಪಿದ ಮಾತು ತಪ್ಪಾಗುವುದುಂಟೇ?" ಎಂದು ಚೆನ್ನವೀರ ಕೇಳಿದ.

ಮಠದ ಅಡುಗೆಯ ನೀಲಜ್ಜಿಗೆ ವಯಸ್ಸಾಯಿತು, ಕೈ ನಡುಗುತ್ತದೆ, ಇನ್ನು ಅವಳನ್ನು ತಮ್ಮನ ಊರಿಗೆ ಕಳಿಸಿ ಆರಾಮವಾಗಿ ಇರಲು ಬಿಡಬೇಕೆಂದು ಅಂದು ಬೆಳಿಗ್ಗೆ ಶಿಷ್ಯರೆಲ್ಲ ಕೂತು ತೀರ್ಮಾನಿಸಿದ್ದರು. ಒಬ್ಬನೂ ಬೇಡವೆಂದಿರಲಿಲ್ಲ. ಅಜ್ಜಿಗಿನ್ನೂ ವಿಷಯ ತಿಳಿದಿರಲಿಲ್ಲ. ಇವರಿಗೆಲ್ಲ ರೊಟ್ಟಿ ಬಡಿಯುತ್ತಾ ಕೂತಿದ್ದಳು. ತೀರ್ಮಾನವನ್ನು ಗುರುಗಳಿಗೆ ತಿಳಿಸಲು ಬಂದ ಚೆನ್ನವೀರನಿಗೆ ಈ ಪ್ರಶ್ನೆ ಯಾಕೆ ಬಂತೋ, ಅವನಿಗೇ ಗೊತ್ತು. ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕತೆ ಹೇಳಿದರು.

ಒಂದೂರಿನಲ್ಲಿ ಕುಂಬಾರರ ಕೇರಿ. ಬಲು ಅನ್ಯೋನ್ಯದ ಜನ. ಒಬ್ಬರ ಮನೆಯಲ್ಲಿ ಹೋಳಿಗೆ ಮಾಡಿದರೆ ಎಲ್ಲರ ಬಾಯಿಯೂ ಸಿಹಿ. ಮಡಕೆ ಸುಡುವ ಆವಿಗೆಯೂ ಕೇರಿಗೆಲ್ಲ ಒಂದೇ. ಎಲ್ಲರ ಮಡಕೆಗಳನ್ನು ಒಟ್ಟಿಗೆ ಜೋಡಿಸಿ ಸೌದೆ ಮುಚ್ಚಿದ ಮೇಲೆ ಹಿರಿಯಜ್ಜ "ಹಚ್ಚೋಣೇನ್ರಪ್ಪಾ?" ಎಂದು ಕೇಳಬೇಕು. ಮನೆಗೊಬ್ಬರು "ಹೂಂ" ಅನ್ನಬೇಕು. ಆಮೇಲೆಯೇ ಬೆಂಕಿ. ಅದು ಪದ್ಧತಿ. ಆ ಜಾಗದಲ್ಲಿ "ಊಹೂಂ" ಅಂದವರನ್ನು ಮಾತ್ರ ಯಾರೂ ಕಂಡಿರಲಿಲ್ಲ.

ಆ ಕೇರಿಯ ಒಬ್ಬ ಕುಂಬಾರನ ಮಗಳಿಗೆ ಮದುವೆ ಗೊತ್ತಾಯಿತು. ಮದುವೆಮನೆಯಲ್ಲಿ ಪೂಜೆಗಿಡುವ ಐರಣಿ ಗಡಿಗೆಗಳನ್ನು ಅವನೇ ಮಾಡಿದ. ಊರಿನ ಹೆಣ್ಣುಮಕ್ಕಳಿಗೆಲ್ಲ ಮಾಡಿಕೊಟ್ಟ ಕೈ. ಮಗಳಿಗೆಂದಾಗ ಸ್ವಲ್ಪ ಹೆಚ್ಚೇ ಮಣ್ಣು ಹಿಡಿಯಿತು. ಗಡಿಗೆಗಳು ದಪ್ಪವಾದವು. ಸಾಲದ್ದಕ್ಕೆ ಮೋಡ ಕವಿದು ಬಿಸಿಲೇ ಬೀಳಲಿಲ್ಲ.

ಆವಿಗೆ ಜೋಡಿಸುವ ದಿನ ಅವನು ಒಂದು ಗಡಿಗೆಯನ್ನು ಗಲ್ಲಕ್ಕೆ ಒತ್ತಿ ನೋಡಿದ. ತಣ್ಣಗಿತ್ತು. ತಣ್ಣಗಿದ್ದರೆ ಒಳಗಿನ್ನೂ ಹಸಿ ಇದೆ ಎಂದರ್ಥ. ಹಸಿ ಗಡಿಗೆ ಬೆಂಕಿಯಲ್ಲಿ ತಾನೂ ಸಿಡಿಯುತ್ತದೆ, ಪಕ್ಕದ್ದನ್ನೂ ಒಡೆಯುತ್ತದೆ. ಅವನು ಸುತ್ತ ನೋಡಿದ. ಎಲ್ಲರೂ ನಗುನಗುತ್ತಾ ಸೌದೆ ಹೊರುತ್ತಿದ್ದರು. ಇಷ್ಟು ಜನರದು ಒಣಗಿರುವಾಗ ನನ್ನೊಬ್ಬನದು ಹಸಿ ಇರುತ್ತದೆಯೇ, ನನ್ನ ಗಲ್ಲವೇ ಸುಳ್ಳು ಹೇಳುತ್ತಿರಬೇಕು ಎಂದುಕೊಂಡ.

"ಹಚ್ಚೋಣೇನ್ರಪ್ಪಾ?" ಅಜ್ಜ ಕೇಳಿದ.

ಒಬ್ಬೊಬ್ಬರಾಗಿ ಹೂಂ ಅಂದರು. ಸರದಿ ಬಂದಾಗ ಅವನೂ "ಹೂಂ ಯಜ್ಜಾ" ಅಂದ. ಎಲ್ಲರಿಗಿಂತ ಜೋರಾಗಿಯೇ ಅಂದ, ಪಾಪ.

ಬೆಂಕಿ ಏರಿತು. ಒಳಗೆ ಒಂದು ಗಡಿಗೆ ಸಿಡಿದ ಸದ್ದಾಯಿತು. ತನ್ನದೇ ಎಂದು ಅವನು ಕಣ್ಣು ಮುಚ್ಚಿಕೊಂಡ. ಮರುಗಳಿಗೆಗೆ ಇನ್ನೊಂದು ಸಿಡಿಯಿತು, ಅವನು ಗಡಿಗೆ ಇಟ್ಟ ಕಡೆಯಿಂದಲ್ಲ, ಬೇರೆ ಕಡೆಯಿಂದ. ಆಮೇಲೆ ಎಲ್ಲ ಕಡೆಯಿಂದ.

ಆವಿಗೆ ತೆರೆದರೆ ಬರೀ ಚೂರು. ತನ್ನವು ಹಸಿ ಇದ್ದವು, ತಪ್ಪು ತನ್ನದೇ ಎಂದು ಅವನು ಅತ್ತ. ಪಕ್ಕದ ಮನೆಯವನು ತನ್ನವೂ ಹಸಿ ಇದ್ದವು ಎಂದ. ಅವನ ಪಕ್ಕದವನೂ ಅದನ್ನೇ ಅಂದ. ಅಜ್ಜ ಅಳುತ್ತಿದ್ದ ಕುಂಬಾರನನ್ನು ತಬ್ಬಿಕೊಂಡ.

"ನಾನೂ ಗಲ್ಲಕ್ಕ ಒತ್ತಿ ನೋಡಿದ್ದೆನ್ರಪ್ಪಾ. ನಿಮ್ಮ ಹುರುಪು ನೋಡಿ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

ಯಾರೂ ಯಾರನ್ನೂ ಬೈಯಲಿಲ್ಲ. ಆ ಕೇರಿಯಲ್ಲಿ ಪ್ರೀತಿಗೆ ಕೊರತೆ ಮೊದಲೂ ಇರಲಿಲ್ಲ, ಆಮೇಲೂ ಆಗಲಿಲ್ಲ. ಆದರೆ ಕುಂಬಾರನ ಮಗಳ ಮದುವೆಗೆ ಪಕ್ಕದೂರಿನಿಂದ ಗಡಿಗೆ ತರಿಸಬೇಕಾಯಿತು.

ಕತೆ ಕೇಳಿ ಚೆನ್ನವೀರ, "ಅಯ್ಯೋ, ಅಷ್ಟು ಜನರಲ್ಲಿ ಒಬ್ಬನಾದರೂ ಬಾಯಿ ಬಿಡಬಾರದಿತ್ತೇ ಗುರುಗಳೇ?" ಎಂದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ನೀಲಜ್ಜಿಯನ್ನು ಕಳಿಸಲು ನೀನು ಹೂಂ ಅಂದೆಯಲ್ಲ ಮಗೂ, ಆಗ ನಿನ್ನ ಗಡಿಗೆ ಒಣಗಿತ್ತೇ?"

ಚೆನ್ನವೀರ ಎದ್ದು, ಶಿಷ್ಯರನ್ನೆಲ್ಲ ಮತ್ತೆ ಕೂಡಿಸಲು ಹೊರಟ.