ಕುರುಬನ ಒಪ್ಪತ್ತು

"ಗುರುಗಳೇ, ಇಲ್ಲಿ ಕೂತು ನಾನು ಮಾಡುವ ಪ್ರಾರ್ಥನೆ ಅಲ್ಲಿ ನನ್ನ ತಾಯಿಗೆ ಮುಟ್ಟುತ್ತದೆಯೇ?" ಎಂದು ಶಿಷ್ಯ ಚನ್ನವೀರ ಕೇಳಿದ.

ಅವನ ತಾಯಿ ಹಾಸಿಗೆ ಹಿಡಿದಿರುವ ಸುದ್ದಿ ಹೊಳೆ ಉಕ್ಕುವ ಮುಂಚಿನ ಕೊನೆಯ ಹರಿಗೋಲಿನಲ್ಲಿ ಬಂದಿತ್ತು. ಅಂದಿನಿಂದ ಹೊಳೆ ಇಳಿದಿರಲಿಲ್ಲ, ಅವನು ಹೊರಡುವಂತಿರಲಿಲ್ಲ. ಮೂರು ದಿನದಿಂದ ಅವನು ಮಠದ ಊಟದ ಪಂಕ್ತಿಗೂ ಬಂದಿರಲಿಲ್ಲ. ಗುರುಗಳು ಅವನ ಒಣಗಿದ ತುಟಿ ನೋಡಿ, "ಕೂತುಕೋ ತಮ್ಮಾ, ಒಂದು ಕತೆ ಹೇಳುತ್ತೇನೆ" ಎಂದರು.

ಒಬ್ಬ ಕುರುಬನಿದ್ದ. ಊರಿನವರ ಕುರಿಗಳನ್ನೆಲ್ಲ ಹೊಡೆದುಕೊಂಡು ದೂರದ ಹುಲ್ಲುಗಾವಲಿಗೆ ಹೋಗಿದ್ದ. ಕುರಿಗಳು ಮರಿ ಹಾಕುವ ಕಾಲ. ಆಗ ಅವನ ಊರ ಕಡೆಯಿಂದ ಕಂಬಳಿ ವ್ಯಾಪಾರಿಯೊಬ್ಬ ಬಂದು, ನಿನ್ನ ತಾಯಿಗೆ ಬಹಳ ಜಡ್ಡಾಗಿದೆ, ಏಳುವುದೇ ಕಷ್ಟ ಎಂದ. ಮಂದೆ ಬಿಟ್ಟು ಓಡಿದರೆ ಮರಿಗಳೆಲ್ಲ ತೋಳದ ಪಾಲು. ಹೋಗಲಾರ, ಇರಲಾರ. ಕೊನೆಗೆ ಕುರುಬ ತನ್ನ ಕುಲದೇವರು ಬೀರಪ್ಪನಿಗೆ ಹರಕೆ ಹೊತ್ತ. ತಾಯಿ ಎದ್ದು ಓಡಾಡುವವರೆಗೆ ನನ್ನದು ಒಪ್ಪತ್ತು ಊಟ, ಹಾಲು ಮುಟ್ಟುವುದಿಲ್ಲ ಎಂದ.

ಹಾಲನ್ನೇ ಯಾಕೆ ಬಿಟ್ಟ ಗೊತ್ತೇ? ಅದೆಂದರೆ ಅವನಿಗೆ ಪ್ರಾಣ. ಚಿಕ್ಕವನಿದ್ದಾಗ ತಾಯಿ ಬಿಸಿ ರೊಟ್ಟಿಯನ್ನು ಹಾಲಿಗೆ ಮುರಿದು ಹಾಕಿ, ಕಿವುಚಿ, ಬಾಯಿಗಿಡುತ್ತಿದ್ದಳು. ಸಾಕು ಎಂದರೆ ಬಿಡುತ್ತಿರಲಿಲ್ಲ. ಇದು ಕರಿ ಕುರಿಯ ತುತ್ತು, ಇದು ಕುಂಟ ಟಗರಿನದು ಎಂದು ಇಡೀ ಮಂದೆಯ ಹೆಸರು ಹೇಳಿ ಉಣಿಸುತ್ತಿದ್ದಳು. ಮಂದೆ ಮುಗಿಯುವಷ್ಟರಲ್ಲಿ ಹುಡುಗನ ಹೊಟ್ಟೆ ನಗಾರಿ. ಈಗ ಸಂಜೆ ಹಸಿದು ಕೂತಾಗ ಅದೆಲ್ಲ ನೆನಪಾಗುತ್ತಿತ್ತು. ಆ ದಿನಗಳು ಮತ್ತೆ ಬರುವುದಿಲ್ಲವಲ್ಲ ಎಂದು ಅವನಿಗೆ ಅಳುವೇ ಬರುತ್ತಿತ್ತು.

ವ್ಯಾಪಾರಿ ಒಳ್ಳೆಯವನೇ, ಬಾಯಿ ಮಾತ್ರ ಸುಮ್ಮನಿರದು. ಊರಿಗೆ ಹೋದವನು, ಮುದುಕಿಗೆ ಸಂತೋಷವಾಗಲಿ ಎಂದು ಮಗನ ಹರಕೆಯನ್ನು ಹಾಡಿ ಹೊಗಳಿದ. ಅವಳು ಕೇಳಿದ್ದೇ ತಡ, ಗಂಜಿಯ ಬಟ್ಟಲನ್ನು ಆಚೆ ಸರಿಸಿದಳು.

ಹದಿನೈದು ದಿನಕ್ಕೆ ವ್ಯಾಪಾರಿ ತಲೆ ತಗ್ಗಿಸಿಕೊಂಡು ಮತ್ತೆ ಮಂದೆಗೆ ಬಂದ. "ನನ್ನ ಮಗ ಬಿಸಿಲಲ್ಲಿ ಹಸಿದು ನಿಂತಿರುವಾಗ ನನಗೆ ಗಂಜಿ ಇಳಿಯುವುದಿಲ್ಲ ಅಂತಾಳಪ್ಪ. ಅವನು ಎರಡು ಹೊತ್ತು ಉಣ್ಣುವಂತೆ ಮಾಡು ಎಂದು ಅವಳೂ ಬೀರಪ್ಪನಿಗೇ ಹರಕೆ ಹೊತ್ತಿದ್ದಾಳೆ. ಅಲ್ಲಿಯವರೆಗೆ ಅವಳದೂ ಒಪ್ಪತ್ತು" ಎಂದ.

ಕುರುಬ ಹೆದರಿದ. ಹರಕೆ ಮುರಿದರೆ ದೇವರು ಮುನಿದಾನು, ತಾಯಿ ಹೋದಾಳು. ಮುರಿಯದಿದ್ದರೆ ಹಸಿವೇ ಅವಳನ್ನು ಒಯ್ದೀತು. ಕೊನೆಗೆ ಎದ್ದು ಒಂದು ಕುರಿಯ ಹಾಲು ಕರೆದ. ಅದಕ್ಕೆ ರೊಟ್ಟಿ ಮುರಿದು ಹಾಕಿದ. "ಬೀರಪ್ಪಾ, ತಪ್ಪು ನನ್ನ ಮೇಲಿರಲಿ, ಅವಳ ಮೇಲೆ ಬೇಡ" ಎಂದು ಕೈ ಮುಗಿದು, ಕಣ್ಣೀರು ಸುರಿಸುತ್ತ, ವ್ಯಾಪಾರಿಯ ಎದುರೇ ಹೊಟ್ಟೆ ತುಂಬ ಉಂಡ. "ಕಣ್ಣಾರೆ ನೋಡಿದೆ ಎಂದು ಅವ್ವನಿಗೆ ಹೇಳು" ಎಂದ.

ವ್ಯಾಪಾರಿ ಹೋಗಿ ಹೇಳಿದ. ಎಷ್ಟು ರೊಟ್ಟಿ ಉಂಡ ಎಂದು ಮುದುಕಿ ಕೇಳಿದಳು. ಮೂರು ಎಂದ. ಅವಳು ಗಂಜಿ ತರಿಸಿಕೊಂಡು ಕುಡಿದಳು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಚನ್ನವೀರನಿಗೆ ತಡೆಯಲಾಗಲಿಲ್ಲ. "ಆಮೇಲೆ ಅವಳು ಬದುಕಿದಳೇ?" ಎಂದ.

"ಅದು ಬೀರಪ್ಪನಿಗೆ ಬಿಟ್ಟದ್ದು, ತಮ್ಮಾ. ಆದರೆ ಅವಳು ಕೇಳಿಕೊಂಡದ್ದು ಅವಳ ಮಗನಿಗೆ ಮುಟ್ಟಿತು. ನಿನ್ನ ತಾಯಿ ಕೇಳಿಕೊಳ್ಳುತ್ತಿರುವುದು ನಿನಗಿನ್ನೂ ಮುಟ್ಟಿಲ್ಲ."